ಸುಳಿವು ಕಠಿಣವೋ, ಅನ್ಯಾಯವೋ?



ದೂರದರ್ಶನದ ರಸಪ್ರಶ್ನೆ ಕಾರ್ಯಕ್ರಮಕ್ಕೆ ನಮ್ಮ ಮನೆಗಳಲ್ಲಿ ಒಂದು ವಿಶೇಷ ಮರ್ಯಾದೆ ಇದೆ. ಧಾರಾವಾಹಿಯ ಮುಂದೆ ಕುಳಿತ ಮಕ್ಕಳನ್ನು ಗದರಿಸಿ ಓದಲು ಕಳುಹಿಸುವ ತಂದೆತಾಯಿಯರೇ ರಸಪ್ರಶ್ನೆಯ ಹೊತ್ತಿಗೆ ಅವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಅದು ಮನರಂಜನೆಯ ವೇಷ ತೊಟ್ಟ ಪಾಠಶಾಲೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆ ತಪ್ಪೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಪಾಠಶಾಲೆ ಎಂದು ಒಪ್ಪಿಕೊಂಡ ಮೇಲೆ ಅಲ್ಲಿ ನಡೆಯುವ ಪರೀಕ್ಷೆ ನ್ಯಾಯವಾಗಿದೆಯೇ ಎಂದು ಕೇಳುವ ಹಕ್ಕೂ ಹೊಣೆಯೂ ನಮಗಿದೆ. ಉತ್ತರ ಸರಿಯೋ ತಪ್ಪೋ ಎಂದು ನಿರೂಪಕರು ತೀರ್ಪು ಕೊಡುತ್ತಾರೆ. ಪ್ರಶ್ನೆಯೇ ಸರಿಯಾಗಿದೆಯೋ ಇಲ್ಲವೋ ಎಂಬ ತೀರ್ಪನ್ನು ಯಾರು ಕೊಡಬೇಕು?

ಕೃಷ್ಣೆಯ ದಂಡೆಯ ಮೇಲಿರುವ, ಅಥಣಿ ತಾಲ್ಲೂಕಿನ ಸತ್ತಿಯಂಥ ಊರಿನ ಒಬ್ಬ ಬಾಲಕಿಯನ್ನು ನಿಮ್ಮ ಕಲ್ಪನೆಯಲ್ಲಿ ನಿಲ್ಲಿಸಿಕೊಳ್ಳಿ. ಅವಳು ಚೂಟಿಯಾದ ಹುಡುಗಿ. ಕಬ್ಬು ಎಷ್ಟು ತಿಂಗಳಿಗೆ ಕಡಿತಕ್ಕೆ ಬರುತ್ತದೆ, ಹೊಳೆಯ ನೀರು ಯಾವ ಬಣ್ಣಕ್ಕೆ ತಿರುಗಿದರೆ ಮೇಲೆ ಮಳೆಯಾಗಿದೆ ಎಂದು ತಿಳಿಯಬೇಕು, ಇದೆಲ್ಲ ಅವಳಿಗೆ ಗೊತ್ತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಅರ್ಧ ಮರಾಠಿ. ಇಂಥವಳು ಟಿವಿಯ ಮುಂದೆ ಕುಳಿತು ಹತ್ತು ಪ್ರಶ್ನೆಗಳಲ್ಲಿ ಎಂಟಕ್ಕೆ ಉತ್ತರ ಹೇಳಲಾರದೆ ಹೋದಳು ಎನ್ನೋಣ. ಅವಳು ಏನೆಂದು ತೀರ್ಮಾನಿಸುತ್ತಾಳೆ? 'ಪ್ರಶ್ನೆ ನನಗೆ ಹೊಂದಲಿಲ್ಲ' ಎಂದು ಯಾವ ಮಗುವೂ ಹೇಳುವುದಿಲ್ಲ. 'ನನಗೆ ಏನೂ ಗೊತ್ತಿಲ್ಲ' ಎಂದೇ ಹೇಳಿಕೊಳ್ಳುತ್ತದೆ. ನಾವು ಚರ್ಚಿಸಬೇಕಾದ ಸಂಗತಿ ಇದು. ಕೋಟಿ ರೂಪಾಯಿ ಗೆದ್ದವರ, ಸೋತವರ ಕಥೆ ಇದರ ಮುಂದೆ ಚಿಕ್ಕದು.

ಮೊದಲು ಎರಡು ಮಾತುಗಳನ್ನು ಬೇರ್ಪಡಿಸೋಣ. ಕಠಿಣ ಎಂಬುದು ಒಂದು, ಅನ್ಯಾಯ ಎಂಬುದು ಇನ್ನೊಂದು. ಕಠಿಣ ಪ್ರಶ್ನೆಯಲ್ಲಿ ಉತ್ತರಕ್ಕೆ ದಾರಿ ಇರುತ್ತದೆ. ಅದು ಏರುದಾರಿಯಾಗಿರಬಹುದು, ಕಲ್ಲುಮುಳ್ಳಿನದಾಗಿರಬಹುದು, ಆದರೂ ದಾರಿಯೇ. ಅನ್ಯಾಯದ ಪ್ರಶ್ನೆಯಲ್ಲಿ ದಾರಿಯೇ ಇರುವುದಿಲ್ಲ. ಕೇಳುವವನ ಜೇಬಿನಲ್ಲಿ ಮಾತ್ರ ಉತ್ತರವಿರುತ್ತದೆ.

ಈ ವ್ಯತ್ಯಾಸಕ್ಕೆ ಬೈಬಲಿನಲ್ಲಿಯೇ ಒಂದು ಸ್ಪಷ್ಟ ನಿದರ್ಶನವಿದೆ. ನ್ಯಾಯಸ್ಥಾಪಕರ ಗ್ರಂಥದ 14ನೆಯ ಅಧ್ಯಾಯವನ್ನು ನೀವು ಓದಿರುತ್ತೀರಿ. ಸಂಸೋನನು ತಿಮ್ನಾಕ್ಕೆ ಹೋಗುವ ದಾರಿಯಲ್ಲಿ ಒಂದು ಸಿಂಹವನ್ನು ಕೊಂದನು. ಕೆಲಕಾಲದ ಬಳಿಕ ಅದರ ಕಳೇಬರದಲ್ಲಿ ಜೇನುಗೂಡನ್ನು ಕಂಡು ಜೇನು ತಿಂದನು. ಸಿಂಹವನ್ನು ಕೊಂದದ್ದನ್ನಾಗಲಿ, ಜೇನು ಎಲ್ಲಿಂದ ಬಂತೆಂಬುದನ್ನಾಗಲಿ ಹೆತ್ತವರಿಗೂ ತಿಳಿಸಲಿಲ್ಲ. ತನ್ನ ಮದುವೆಯ ಔತಣದಲ್ಲಿ ಇದನ್ನೇ ಒಗಟಾಗಿ ಕಟ್ಟಿ ಮೂವತ್ತು ಜನ ಸಂಗಡಿಗರ ಮುಂದಿಟ್ಟು, ಮೂವತ್ತು ನಾರುಬಟ್ಟೆಗಳನ್ನೂ ಮೂವತ್ತು ಜೊತೆ ಉಡುಪುಗಳನ್ನೂ ಪಣವಾಗಿ ಒಡ್ಡಿದನು. ಒಗಟಿನ ಮಾತು ಸೊಗಸಾಗಿತ್ತು, ಆದರೆ ಬಿಡಿಸಲು ದಾರಿ ಇರಲಿಲ್ಲ. ಆ ಕಾಡುದಾರಿಯಲ್ಲಿ ಅವನೊಬ್ಬನೇ ಕಂಡದ್ದನ್ನು ಯಾವ ಬುದ್ಧಿವಂತನು ತಾನೇ ಊಹಿಸಬಲ್ಲನು? ದಾರಿ ಕಾಣದ ಸಂಗಡಿಗರು ಅಡ್ಡದಾರಿ ಹಿಡಿದರು. ವಧುವನ್ನು ಬೆದರಿಸಿದರು, ಅವಳ ಕಣ್ಣೀರಿನ ಮೂಲಕ ಉತ್ತರವನ್ನು ಕದ್ದರು. ಕೊನೆಗೆ ಪಣವನ್ನು ತೀರಿಸಲು ಅಷ್ಕೆಲೋನಿನಲ್ಲಿ ಮೂವತ್ತು ಜನರ ಹೆಣ ಬಿತ್ತು. ಒಗಟು ಅನ್ಯಾಯವಾದುದರಿಂದ ಮೋಸ ಹುಟ್ಟಿತು, ಮೋಸದಿಂದ ರಕ್ತಪಾತ ಹುಟ್ಟಿತು. ಇದಕ್ಕೆ ಪ್ರತಿಯಾಗಿ ಅರಸುಗಳ ಮೊದಲನೆಯ ಗ್ರಂಥದಲ್ಲಿ ಶೆಬಾದ ರಾಣಿ ಸೊಲೊಮೋನನ ಜ್ಞಾನವನ್ನು ಪರೀಕ್ಷಿಸಲು ಕಠಿಣ ಪ್ರಶ್ನೆಗಳನ್ನು ಹೊತ್ತು ಬರುತ್ತಾಳೆ. ಅಲ್ಲಿ ಪರೀಕ್ಷೆಯು ಗೌರವದಲ್ಲಿ ಮುಗಿಯುತ್ತದೆ.

ನಮ್ಮ ಗಡಿಭಾಗದ ಹಳ್ಳಿಗಳಿಗೆ ಈ ವಿವೇಕ ಹೊಸದೇನಲ್ಲ. ಅಥಣಿ, ರಾಯಬಾಗ, ಚಿಕ್ಕೋಡಿ ಸೀಮೆಯಲ್ಲಿ ಹರದೇಶಿ-ನಾಗೇಶಿ ಹಾಡಿಕೆಯನ್ನು ಕೇಳಿದವರು ನಿಮ್ಮಲ್ಲಿ ಅನೇಕರಿರಬಹುದು. ಗಂಡು ಹೆಚ್ಚೆಂದು ಒಂದು ಮೇಳ, ಹೆಣ್ಣು ಹೆಚ್ಚೆಂದು ಇನ್ನೊಂದು ಮೇಳ, ರಾತ್ರಿಯೆಲ್ಲ ಸವಾಲು ಜವಾಬು. ಒಂದು ಪಕ್ಷ ಹಾಡಿನಲ್ಲಿ ಪ್ರಶ್ನೆ ಎಸೆದರೆ ಇನ್ನೊಂದು ಪಕ್ಷ ಹಾಡಿನಲ್ಲಿಯೇ ಬಿಡಿಸಬೇಕು. ಆ ಸವಾಲುಗಳು ಸುಲಭವಾಗಿರುತ್ತವೆಯೇ? ಎಂದಿಗೂ ಇಲ್ಲ. ಆದರೆ ಸವಾಲು ಹುಟ್ಟುವುದು ಪುರಾಣದಿಂದ, ಮಹಾಭಾರತದಿಂದ, ಬದುಕಿನ ಅನುಭವದಿಂದ. ಅದು ಇಬ್ಬರೂ ಹಾಡುಗಾರರಿಗೆ, ಸುತ್ತ ಕುಳಿತ ಜನಕ್ಕೆ ಸಮಾನವಾಗಿ ಸೇರಿದ ಬಂಡವಾಳ. ಮೇಲಾಗಿ ಅಲ್ಲಿ ತೀರ್ಪು ಕೊಡುವವರು ಕೇಳುಗರು. ಉತ್ತರದಂತೆ ಪ್ರಶ್ನೆಯೂ ಅವರ ಕಿವಿಯ ಕಟಕಟೆಯಲ್ಲಿ ನಿಲ್ಲಬೇಕು. ನ್ಯಾಯವಾದ ಸವಾಲಿಗೆ ಬೇಕಾದ ಮೊದಲ ಗುಣವನ್ನು ಈ ಹಾಡಿಕೆಯಿಂದಲೇ ಕಲಿಯಬಹುದು: ಕೇಳುವವನಿಗೂ ಹೇಳುವವನಿಗೂ ಸೇರಿದ ಒಂದು ಸಮಾನ ನೆಲ ಇರಬೇಕು.

ಈಗ ದೂರದರ್ಶನಕ್ಕೆ ಬರೋಣ. ನಮ್ಮ ದೇಶದ ಸಾರ್ವಜನಿಕ ರಸಪ್ರಶ್ನೆಯ ಮೂಲ ಒಂದು ಚರ್ಚಿನ ಸಭಾಂಗಣದಲ್ಲಿದೆ ಎಂಬುದು ನಿಮಗೆ ಸಂತೋಷ ತರಬಹುದು. 1967ರಲ್ಲಿ ನೀಲ್ ಒ'ಬ್ರಯನ್ ಅವರು ಕಲ್ಕತ್ತೆಯ ಕ್ರೈಸ್ಟ್ ದಿ ಕಿಂಗ್ ಚರ್ಚಿನ ಸಭಾಂಗಣದಲ್ಲಿ ನಡೆಸಿದ ಸ್ಪರ್ಧೆಯನ್ನೇ ಭಾರತದ ಮೊದಲ ಔಪಚಾರಿಕ ರಸಪ್ರಶ್ನೆಯೆಂದು ಗುರುತಿಸುತ್ತಾರೆ. 1972ರಲ್ಲಿ ಬೋರ್ನ್‌ವಿಟಾ ರಸಪ್ರಶ್ನೆ ಬಾನುಲಿಗೆ ಬಂತು. 1985ರಲ್ಲಿ ಸಿದ್ಧಾರ್ಥ ಬಸು ಅವರ 'ಕ್ವಿಜ್ ಟೈಮ್' ದೂರದರ್ಶನದಲ್ಲಿ ಆರಂಭವಾಯಿತು. ಇವೆಲ್ಲ ಇಂಗ್ಲಿಷಿನವು, ನಗರದವು. 2000ದ ಜುಲೈಯಲ್ಲಿ ಅಮಿತಾಭ್ ಬಚ್ಚನ್ ಅವರ 'ಕೌನ್ ಬನೇಗಾ ಕರೋಡ್‌ಪತಿ' ಬಂದು ರಸಪ್ರಶ್ನೆಯನ್ನು ಹಳ್ಳಿಯ ಪಡಸಾಲೆಗೆ ತಂದಿತು. 2002ರಲ್ಲಿ ಚಂದನ ವಾಹಿನಿಯಲ್ಲಿ ಡಾ. ನಾ. ಸೋಮೇಶ್ವರ ಅವರ 'ಥಟ್ ಅಂತ ಹೇಳಿ' ಆರಂಭವಾಗಿ ಕನ್ನಡಕ್ಕೆ ತನ್ನದೇ ಆದ ರಸಪ್ರಶ್ನೆ ದೊರೆಯಿತು. 2012ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ನಿರೂಪಣೆಯಲ್ಲಿ 'ಕನ್ನಡದ ಕೋಟ್ಯಧಿಪತಿ' ಬಂತು.

ಕಠಿಣವಾದರೂ ನ್ಯಾಯವಾದ ಪ್ರಶ್ನೆ ಹೇಗಿರುತ್ತದೆ ಎಂಬುದಕ್ಕೆ 2000ದಲ್ಲಿ ಹರ್ಷವರ್ಧನ ನವಾಥೆ ಅವರು ಒಂದು ಕೋಟಿ ಗೆದ್ದ ಪ್ರಶ್ನೆಯನ್ನೇ ನೋಡಬಹುದು. ಸಂಸತ್ತಿನ ಕಲಾಪಗಳಲ್ಲಿ ಭಾಗವಹಿಸಲು ಸಂವಿಧಾನವು ಇವರಲ್ಲಿ ಯಾರಿಗೆ ಅವಕಾಶ ಕೊಡುತ್ತದೆ ಎಂಬುದು ಪ್ರಶ್ನೆ. ಸಾಲಿಸಿಟರ್ ಜನರಲ್, ಅಟಾರ್ನಿ ಜನರಲ್, ಸಂಪುಟ ಕಾರ್ಯದರ್ಶಿ, ಮುಖ್ಯ ನ್ಯಾಯಮೂರ್ತಿ ಎಂಬ ನಾಲ್ಕು ಆಯ್ಕೆಗಳು. ಉತ್ತರ ಅಟಾರ್ನಿ ಜನರಲ್. ಸಂವಿಧಾನದ 88ನೆಯ ವಿಧಿಯಲ್ಲಿ ಇದು ಸ್ಪಷ್ಟವಾಗಿದೆ. ಗೊತ್ತಿಲ್ಲದವನೂ ಇಲ್ಲಿ ವಿಚಾರ ಮಾಡಬಹುದು. ನ್ಯಾಯಾಂಗವೂ ಶಾಸಕಾಂಗವೂ ಬೇರೆಯಾಗಿರಬೇಕಾದುದರಿಂದ ಮುಖ್ಯ ನ್ಯಾಯಮೂರ್ತಿಗಳಿಗೆ ಅಲ್ಲಿ ಸ್ಥಾನವಿರಲಾರದು. ಸಂಪುಟ ಕಾರ್ಯದರ್ಶಿ ಸರ್ಕಾರಿ ನೌಕರ, ಸದನದಲ್ಲಿ ಮಾತಾಡಲಾರ. ಉಳಿದ ಇಬ್ಬರಲ್ಲಿ ಹಿರಿಯ ಹುದ್ದೆ ಯಾವುದು? ಹೀಗೆ ಒಂದೊಂದೇ ಮೆಟ್ಟಿಲು ಏರಿ ಉತ್ತರದ ಬಾಗಿಲಿಗೆ ಬರಬಹುದು. ದೇಶದ ಪ್ರತಿಯೊಬ್ಬ ಪ್ರಜೆಗೂ ಸೇರಿದ ಗ್ರಂಥ ಅದು. ಸತ್ತಿಯ ಶಾಲೆಯ ಪೌರನೀತಿ ಪಾಠದಲ್ಲಿಯೂ ಅದರ ಬೇರು ಇದೆ. ಕೋಟಿಯ ಪ್ರಶ್ನೆ ಹೀಗಿದ್ದರೆ ಸೋತವನೂ ಮುನಿಯಲಾರ.

ಇನ್ನು ಸುಳಿವಿನ ವಿಷಯ. ಅಮೆರಿಕದಲ್ಲಿ 1964ರಲ್ಲಿ ಆರಂಭವಾದ 'ಜೆಪರ್ಡಿ' ಎಂಬ ಕಾರ್ಯಕ್ರಮ ಪ್ರಶ್ನೆಯನ್ನೇ ಕೇಳುವುದಿಲ್ಲ. ಸುಳಿವನ್ನು ಹೇಳಿಕೆಯ ರೂಪದಲ್ಲಿ ಕೊಡುತ್ತದೆ, ಸ್ಪರ್ಧಿ ಅದಕ್ಕೆ ಪ್ರಶ್ನೆಯ ರೂಪದಲ್ಲಿ ಉತ್ತರಿಸಬೇಕು. ಈ ವಿಚಿತ್ರ ಪದ್ಧತಿಯ ಹಿಂದೆ ಒಂದು ಕಹಿ ಇತಿಹಾಸವಿದೆ. 1956ರಲ್ಲಿ ಅಲ್ಲಿನ 'ಟ್ವೆಂಟಿ-ಒನ್' ಕಾರ್ಯಕ್ರಮದವರು ಸ್ಪರ್ಧಿಗಳಿಗೆ ಮೊದಲೇ ಉತ್ತರಗಳನ್ನು ಕೊಟ್ಟು ನಾಟಕವಾಡಿಸಿದ್ದರು. ಹರ್ಬರ್ಟ್ ಸ್ಟೆಂಪೆಲ್ ಎಂಬ ಸ್ಪರ್ಧಿಗೆ ಬೇಕೆಂದೇ ಸೋಲಲು ಹೇಳಲಾಯಿತು. ತಾನು ಮೆಚ್ಚಿಕೊಂಡಿದ್ದ 'ಮಾರ್ಟಿ' ಚಲನಚಿತ್ರಕ್ಕೆ ಪ್ರಶಸ್ತಿ ಬಂದಿತ್ತೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಆ ಪ್ರಶ್ನೆಗೆ ತಪ್ಪು ಉತ್ತರ ಕೊಡಬೇಕಾಯಿತು. ಗೆದ್ದ ಚಾರ್ಲ್ಸ್ ವ್ಯಾನ್ ಡೋರೆನ್ ಕಾಲೇಜಿನ ಉಪನ್ಯಾಸಕ, ದೇಶದ ಕಣ್ಮಣಿಯಾದ. 1959ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಅವನು ಸತ್ಯ ಒಪ್ಪಿಕೊಂಡ. ಮರುವರ್ಷವೇ ಇಂಥ ಮೋಸ ಕಾನೂನಿನ ಪ್ರಕಾರ ಅಪರಾಧವಾಯಿತು. ಜನ ರಸಪ್ರಶ್ನೆಯನ್ನೇ ನಂಬದಿದ್ದ ಆ ಕಾಲದಲ್ಲಿ, ಉತ್ತರವನ್ನು ಎಲ್ಲರೆದುರಿಗೇ ಕೊಟ್ಟುಬಿಟ್ಟರೆ ಹೇಗೆ ಎಂಬ ಯೋಚನೆ 'ಜೆಪರ್ಡಿ'ಯನ್ನು ಹುಟ್ಟಿಸಿತು. ಪ್ರಶ್ನೆ ಕೇಳುವವರ ಪ್ರಾಮಾಣಿಕತೆ ಎಷ್ಟು ದೊಡ್ಡ ಸಂಗತಿ ಎಂಬುದನ್ನು ಈ ಘಟನೆ ತೋರಿಸುತ್ತದೆ.

ಸುಳಿವು ಎಂಬುದು ಬಚ್ಚಿಡುವ ವಿದ್ಯೆ ಎಂದು ಅನೇಕರು ತಿಳಿದಿದ್ದಾರೆ. ನನ್ನ ದೃಷ್ಟಿಯಲ್ಲಿ ಅದು ಕೈಹಿಡಿದು ನಡೆಸುವ ವಿದ್ಯೆ. ಕೃಷ್ಣಾ ನದಿಯೇ ಉತ್ತರವಾಗಬೇಕೆಂದು ಇಟ್ಟುಕೊಳ್ಳಿ. 'ಸುಮಾರು 1,400 ಕಿಲೋಮೀಟರ್ ಉದ್ದದ ನದಿ ಯಾವುದು?' ಎಂದು ಕೇಳಿದರೆ ಅಂಕಿಯನ್ನು ಬಾಯಿಪಾಠ ಮಾಡಿದವನು ಮಾತ್ರ ಹೇಳುತ್ತಾನೆ. ದಂಡೆಯ ಮೇಲೆ ಹುಟ್ಟಿ ಬೆಳೆದವರೂ ಬಾಯಿ ಕಟ್ಟಿ ನಿಲ್ಲುತ್ತಾರೆ. ಅದನ್ನೇ ಹೀಗೆ ಕೇಳಿ: 'ಮಹಾಬಳೇಶ್ವರದಲ್ಲಿ ಹುಟ್ಟುತ್ತೇನೆ, ದೂಧಗಂಗೆಯನ್ನು ಸೇರಿಸಿಕೊಳ್ಳುತ್ತೇನೆ, ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ತಲೆಬಾಗುತ್ತೇನೆ, ಹಂಸಲದೀವಿಯ ಬಳಿ ಕಡಲನ್ನು ಕೂಡುತ್ತೇನೆ. ನಾನು ಯಾರು?' ಇಲ್ಲಿ ನಾಲ್ಕು ಬಾಗಿಲುಗಳಿವೆ. ಪ್ರವಾಸ ಮಾಡಿದವನು ಮೊದಲ ಬಾಗಿಲಿನಿಂದ ಬರುತ್ತಾನೆ, ಚಿಕ್ಕೋಡಿಯ ರೈತನು ಎರಡನೆಯದರಿಂದ, ವಿಜಯಪುರದವನು ಮೂರನೆಯದರಿಂದ, ಆಂಧ್ರದ ನೆರೆಯವನು ಕೊನೆಯದರಿಂದ. ಪ್ರಶ್ನೆ ಸುಲಭವಾಯಿತೆಂದು ಯಾರೂ ದೂರಲಾರರು, ಏಕೆಂದರೆ ಯಾವುದೋ ಒಂದು ಬಾಗಿಲನ್ನು ತಿಳಿದೇ ತೆರೆಯಬೇಕು. ಆದರೆ ಒಂದೇ ಬಗೆಯ ಜನರಿಗೆ ಮಾತ್ರ ಕೀಲಿಕೈ ಕೊಟ್ಟಂತೆ ಆಗಲಿಲ್ಲ.

ಸುಳಿವಿನ ಎರಡನೆಯ ದೋಷ ಅಸ್ಪಷ್ಟತೆ. 'ಕೊಲ್ಹಾಪುರಿ ಚಪ್ಪಲಿಗಳು ಯಾವ ರಾಜ್ಯದವು?' ಎಂದು ಯಾರಾದರೂ ಕೇಳಿದರೆನ್ನಿ. ಹೆಸರು ನೋಡಿ ಪ್ರಶ್ನೆ ಬರೆದವರು 'ಮಹಾರಾಷ್ಟ್ರ' ಎಂದು ಬರೆದಿಟ್ಟುಕೊಂಡಿರುತ್ತಾರೆ. ಅಥಣಿಯ, ನಿಪ್ಪಾಣಿಯ ಮಗು 'ಕರ್ನಾಟಕ' ಎಂದರೆ ಗಂಟೆ ಬಾರಿಸಿ 'ತಪ್ಪು' ಎನ್ನುತ್ತಾರೆ. ಆದರೆ ಆ ಮಗುವಿನ ಬೀದಿಯಲ್ಲಿಯೇ ತಲೆಮಾರುಗಳಿಂದ ಚರ್ಮ ಹದಮಾಡಿ ಆ ಚಪ್ಪಲಿ ಹೊಲಿಯುವ ಮನೆಗಳಿವೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ದೊರೆತ ಭೌಗೋಳಿಕ ಗುರುತಿನ ಮಾನ್ಯತೆಯು ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ ಜಿಲ್ಲೆಗಳಿಗೂ, ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಸಮನಾಗಿ ಸೇರಿದೆ. ಕಣ್ಣಾರೆ ಕಂಡದ್ದನ್ನು ಹೇಳಿದ ಮಗುವಿಗೆ ಸೊನ್ನೆ, ಹೆಸರನ್ನು ಮಾತ್ರ ನಂಬಿದವರಿಗೆ ಅಂಕ! ಗಡಿನಾಡಿನಲ್ಲಿ ಬದುಕುವವರಿಗೆ ಈ ಬಗೆಯ ಪ್ರಶ್ನೆ ಆಟವಾಗಿ ಉಳಿಯುವುದಿಲ್ಲ. ಅದು ಅವರ ಬೀದಿಯ ದುಡಿಮೆಯನ್ನು ಅಳಿಸಿಹಾಕುತ್ತದೆ.

ಇಂಥ ಎಡವಟ್ಟು ದೊಡ್ಡವರಿಗೂ ತಪ್ಪಿದ್ದಲ್ಲ. ಕೋಟ್ಯಧಿಪತಿಗಳ ಮೂಲ ಕಾರ್ಯಕ್ರಮವಾದ ಬ್ರಿಟನ್ನಿನ 'ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್'ನಲ್ಲಿ 1999ರಲ್ಲಿ ಒಂದು ಪ್ರಶ್ನೆ ಬಂತು: ಟೆನಿಸ್ ಆಟಗಾರನು ಒಂದು ಸೆಟ್ ಗೆಲ್ಲಲು ಚೆಂಡನ್ನು ಕನಿಷ್ಠ ಎಷ್ಟು ಬಾರಿ ಹೊಡೆಯಬೇಕು? ಸ್ಪರ್ಧಿ 24 ಎಂದ, ನಿರೂಪಕರು ಸರಿ ಎಂದರು. ಆರು ಗೇಮು, ಗೇಮಿಗೆ ನಾಲ್ಕು ಹೊಡೆತ ಎಂಬ ಲೆಕ್ಕ. ಆದರೆ ಆರು ಗೇಮುಗಳಲ್ಲಿ ಮೂರರಲ್ಲಿ ಸರ್ವ್ ಮಾಡುವವನು ಎದುರಾಳಿ. ಅವನು ಎರಡೆರಡು ಸಲ ತಪ್ಪಿ ಸರ್ವ್ ಕಳೆದುಕೊಂಡರೆ ಇವನು ಚೆಂಡನ್ನು ಮುಟ್ಟದೆಯೇ ಗೆಲ್ಲುತ್ತಾನೆ. ಆದ್ದರಿಂದ ಸರಿಯುತ್ತರ 12. ವೀಕ್ಷಕರು ಎತ್ತಿ ತೋರಿಸಿದ ಮೇಲೆ ತಪ್ಪು ಬಯಲಾಯಿತು. ತಪ್ಪು ಕಾರ್ಯಕ್ರಮದವರದ್ದಾದ್ದರಿಂದ ಸ್ಪರ್ಧಿಯ ಹಣವನ್ನು ಅವರು ಕಿತ್ತುಕೊಳ್ಳಲಿಲ್ಲ. ಗಮನಿಸಿ, ನೋಡುವವರು ಎಚ್ಚರವಾಗಿದ್ದುದರಿಂದ ಸತ್ಯ ಹೊರಬಂತು. ನಮ್ಮ ರಾಜ್ಯದ ಸಿಇಟಿಯಂಥ ಪರೀಕ್ಷೆಗಳಲ್ಲಿ ಕೀ ಉತ್ತರಗಳನ್ನು ಪ್ರಕಟಿಸಿ ಆಕ್ಷೇಪಣೆಗಳನ್ನು ಆಹ್ವಾನಿಸುತ್ತಾರೆ. ಟಿವಿಯ ರಸಪ್ರಶ್ನೆಗೂ ಅಂಥ ಒಂದು ಕಿಟಕಿ ಇರಬಾರದೇಕೆ? ವಾರಕ್ಕೊಮ್ಮೆ ಐದು ನಿಮಿಷ, 'ಕಳೆದ ವಾರದ ಈ ಪ್ರಶ್ನೆಗೆ ಈ ಉತ್ತರವೂ ಸರಿ' ಎಂದು ಹೇಳಿದರೆ ಕಾರ್ಯಕ್ರಮದ ಗೌರವ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ.

ಮೂರನೆಯದು ಭಾಷೆಯ ಪ್ರಶ್ನೆ, ನಮಗೆ ಬಹಳ ಹತ್ತಿರದ್ದು. ಸೇಂಗಾ ಎಂದರೆ ನಮ್ಮ ಮಕ್ಕಳಿಗೆ ನಿದ್ದೆಯಲ್ಲಿಯೂ ಗೊತ್ತು. ಕಡಲೆಕಾಯಿ ಎಂದರೆ ಒಂದು ಕ್ಷಣ ತಡೆಯುತ್ತಾರೆ. ಗೋವಿನಜೋಳ ನಮ್ಮದು, ಮೆಕ್ಕೆಜೋಳ ಪಠ್ಯಪುಸ್ತಕದ್ದು. ಉಳ್ಳಾಗಡ್ಡಿ, ಬಟಾಟಿ ನಮ್ಮ ಸಂತೆಯವು, ಈರುಳ್ಳಿ, ಆಲೂಗಡ್ಡೆ ಬೇರೆ ಕಡೆಯವು. ಜಾತ್ರೆಯನ್ನು ಪರಿಷೆ ಎಂದು ಕರೆಯುವರೆಂಬುದು ಬೆಂಗಳೂರು ಕಡೆಯವರಿಗೆ ಸಹಜ, ನಮಗೆ ಹೊಸದು. ಹೀಗಿರುವಾಗ ಸುಳಿವು 'ಕಡಲೆಕಾಯಿ ಪರಿಷೆ' ಎಂದು ಬಂದು, ಗಡಿಯಾರ ಟಿಕ್ ಟಿಕ್ ಎನ್ನುತ್ತಿದ್ದರೆ ನಮ್ಮ ಮಗು ಎರಡು ಕೆಲಸ ಮಾಡಬೇಕು. ಮೊದಲು ಮಾತನ್ನು ತನ್ನ ಮಾತಿಗೆ ತಿರುಗಿಸಿಕೊಳ್ಳಬೇಕು, ಆಮೇಲೆ ಉತ್ತರ ಹುಡುಕಬೇಕು. ಬಸವನಗುಡಿಯ ಮಗು ಒಂದೇ ಕೆಲಸ ಮಾಡಿದರೆ ಸಾಕು. ಇಬ್ಬರಿಗೂ ಅವೇ ಸೆಕೆಂಡುಗಳು! ಸಮಾನ ಸಮಯ ಕೊಟ್ಟಂತೆ ಕಂಡರೂ ಅದು ಸಮಾನವಲ್ಲ.

ಇಲ್ಲಿ ನೀವು ಒಂದು ಆಕ್ಷೇಪ ಎತ್ತಬಹುದು. 'ಇಡೀ ನಾಡಿನ ಕಾರ್ಯಕ್ರಮ ಪ್ರತಿಯೊಂದು ತಾಲ್ಲೂಕಿನ ಮಾತಿನಲ್ಲಿ ನಡೆಯಲು ಸಾಧ್ಯವೇ? ನಮ್ಮ ಮಕ್ಕಳೂ ಹೊರಗಿನ ಮಾತು ಕಲಿಯಲಿ, ಅದೇ ಅಲ್ಲವೇ ಜ್ಞಾನ?' ಈ ಆಕ್ಷೇಪದಲ್ಲಿ ಬಹಳ ಸತ್ಯವಿದೆ. ನಮ್ಮೂರಿನ ಪ್ರಶ್ನೆಗಳನ್ನೇ ಕೇಳಬೇಕೆಂದು ಹಟ ಹಿಡಿದರೆ ಅದು ಬಾವಿಯ ಕಪ್ಪೆಯ ವಾದವಾಗುತ್ತದೆ. ಪರಿಷೆ ಎಂಬ ಮಾತನ್ನು ಅಥಣಿಯ ಮಗು ಕಲಿಯಲೇಬೇಕು. ಆದರೆ ಕಲಿಕೆ ಒಮ್ಮುಖವಾಗಬಾರದು. ಬೆಂಗಳೂರಿನ ಮಗುವೂ ಸೇಂಗಾ, ಉಳ್ಳಾಗಡ್ಡಿ ಎಂಬ ಮಾತುಗಳ ಮುಂದೆ ಒಂದು ಕ್ಷಣ ತಡೆಯಬೇಕು. ಬೆಂಗಳೂರಿನ ಕರಗದ ಬಗ್ಗೆ ನಾವು ಉತ್ತರ ಹೇಳೋಣ, ಚಿಂಚಲಿಯ ಮಾಯಕ್ಕನ ಜಾತ್ರೆಯ ಬಗ್ಗೆ ಅವರು ಹೇಳಲಿ. ಪ್ರತಿ ಪ್ರಶ್ನೆಯೂ ಎಲ್ಲರಿಗೂ ಸಮಾನವಾಗಿರಲು ಸಾಧ್ಯವಿಲ್ಲ. ಅಪರಿಚಿತರಾಗುವ ಸರದಿ ಮಾತ್ರ ಎಲ್ಲರಿಗೂ ಬರಬೇಕು. ಯಾವಾಗಲೂ ಒಂದೇ ಊರಿನವರು ಮನೆಯವರಾಗಿ, ಇನ್ನೊಂದು ಊರಿನವರು ಸದಾ ಅತಿಥಿಗಳಾಗಿ ಉಳಿದರೆ ಅಲ್ಲಿ ನ್ಯಾಯವಿಲ್ಲ.

ಪ್ರೇಕ್ಷಕರ ನೆರವು ಕೇಳುವ ಲೈಫ್‌ಲೈನಿನಲ್ಲಿಯೂ ಈ ಮಾತು ಅಡಗಿದೆ. ಜೇಮ್ಸ್ ಸುರೋವಿಕಿ ಅವರು 2004ರ ತಮ್ಮ ಪುಸ್ತಕದಲ್ಲಿ ಅಮೆರಿಕದ ಕಾರ್ಯಕ್ರಮದ ಲೆಕ್ಕ ಕೊಟ್ಟಿದ್ದಾರೆ. ಫೋನಿನಲ್ಲಿ ಸಿಕ್ಕ ಬಲ್ಲವರು ಸುಮಾರು ಶೇಕಡಾ 65 ಸಲ ಸರಿ ಹೇಳಿದರೆ, ಸ್ಟುಡಿಯೋದಲ್ಲಿ ಕುಳಿತ ಜನಸಾಮಾನ್ಯರ ಬಹುಮತ ಶೇಕಡಾ 91 ಸಲ ಸರಿಯಾಗಿತ್ತಂತೆ. ಜನಸಮೂಹದ ಜ್ಞಾನ ದೊಡ್ಡದು, ನಿಜ. ಆದರೆ ಯಾವ ಊರಿನ ಸಮೂಹ? ಸ್ಟುಡಿಯೋ ಬೆಂಗಳೂರಿನಲ್ಲಿದ್ದರೆ ಕರಗದ ಪ್ರಶ್ನೆಗೆ ನೆರವು ಧಾರಾಳವಾಗಿ ದೊರೆಯುತ್ತದೆ. ಮಾಯಕ್ಕನ ಪ್ರಶ್ನೆಗೆ ಅದೇ ಜನ ತಬ್ಬಿಬ್ಬಾಗಬಹುದು. ನೆರವು ಕೂಡ ಯಾವ ನೆಲದಲ್ಲಿ ನಿಂತಿದೆ ಎಂಬುದನ್ನು ನೋಡಬೇಕಾಗುತ್ತದೆ.

ಅತಿ ಕಠಿಣವೇ ಅನ್ಯಾಯವೆಂದು ತಿಳಿಯಬೇಡಿ, ಅತಿ ಸುಲಭದಲ್ಲಿಯೂ ಅನ್ಯಾಯದ ಸಂಶಯ ಹುಟ್ಟಬಹುದು. 2007ರಲ್ಲಿ 'ಕೌನ್ ಬನೇಗಾ ಕರೋಡ್‌ಪತಿ'ಯ ಜೊತೆಗೆ ಮನೆಯ ವೀಕ್ಷಕರಿಗಾಗಿ ಎಸ್ಸೆಮ್ಮೆಸ್ ಸ್ಪರ್ಧೆಯೊಂದು ನಡೆಯಿತು. ನಾಲ್ಕು ಆಯ್ಕೆಗಳಿರುವ ಒಂದು ಪ್ರಶ್ನೆ, ಸರಿಯುತ್ತರ ಕಳಿಸಿದವರಲ್ಲಿ ಒಬ್ಬರಿಗೆ ಎರಡು ಲಕ್ಷ ರೂಪಾಯಿ. ಸಂದೇಶದ ದರ ಮಾಮೂಲಿಗಿಂತ ಹೆಚ್ಚು. ಬಹುಮಾನ ಉಚಿತವೆಂಬ ಭಾವನೆ ಹುಟ್ಟಿಸಿ ಆ ಹಣವನ್ನು ಜನರ ಸಂದೇಶಗಳಿಂದಲೇ ವಸೂಲು ಮಾಡಲಾಗಿದೆ ಎಂಬ ದೂರು ಬಂದು, 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು ವಾಹಿನಿಗೂ ದೂರವಾಣಿ ಕಂಪನಿಗೂ ಒಂದು ಕೋಟಿ ರೂಪಾಯಿಯ ದಂಡ ವಿಧಿಸಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆರೋಪಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಆ ಆದೇಶವನ್ನು ರದ್ದುಪಡಿಸಿತು. ಕಾನೂನಿನ ತೀರ್ಪು ಅಲ್ಲಿಗೆ ಮುಗಿಯಿತು, ಅದನ್ನು ಗೌರವಿಸೋಣ. ಆದರೆ ಮನೆಯ ಹಿರಿಯರಾಗಿ ನಾವು ಕೇಳಿಕೊಳ್ಳಬೇಕಾದ ಮಾತು ಬೇರೆ ಇದೆ. ಎಲ್ಲರಿಗೂ ಗೊತ್ತಿರುವುದನ್ನು ಕೇಳಿ, ಸರಿಯುತ್ತರ ಕೊಟ್ಟ ಲಕ್ಷಾಂತರ ಜನರಲ್ಲಿ ಒಬ್ಬರನ್ನು ಆರಿಸುವಾಗ ಗೆಲ್ಲಿಸುವುದು ಜ್ಞಾನವೋ, ಅದೃಷ್ಟವೋ? ಅದೃಷ್ಟದ ಚೀಟಿಗೆ ಪ್ರಶ್ನೆಯ ಹೊದಿಕೆ ಹಾಕಿದಾಗ ಮಕ್ಕಳು ಎರಡನ್ನೂ ಒಂದೆಂದು ತಿಳಿಯುವ ಅಪಾಯವಿದೆ.

ಇವೆಲ್ಲ ಅಳತೆಗೋಲುಗಳನ್ನು ಹಿಡಿದು ನೋಡಿದಾಗ 'ಥಟ್ ಅಂತ ಹೇಳಿ'ಗೆ ನಾನು ಹೆಚ್ಚಿನ ಅಂಕ ಕೊಡುತ್ತೇನೆ. ವೈದ್ಯರೂ ಲೇಖಕರೂ ಆದ ಸೋಮೇಶ್ವರ ಅವರು ಸಾವಿರಾರು ಕಂತುಗಳನ್ನು ಒಂದೇ ಸೌಜನ್ಯದಿಂದ ನಡೆಸಿದ್ದಾರೆ. ಅಲ್ಲಿ ಬಹುಮಾನ ಪುಸ್ತಕ. ಈ ಒಂದು ನಿರ್ಧಾರ ಎಷ್ಟೋ ಕೇಡುಗಳನ್ನು ದೂರವಿಟ್ಟಿದೆ. ಒಂದು ಕೋಟಿ ಕಳೆದುಕೊಂಡ ಸ್ಪರ್ಧಿಗೆ ಕೆಟ್ಟ ಸುಳಿವು ಜೀವಮಾನದ ಗಾಯವಾಗಬಹುದು, ಒಂದು ಪುಸ್ತಕ ತಪ್ಪಿದರೆ ಗ್ರಂಥಾಲಯವಿದೆ. ಉತ್ತರ ಬಂದ ಮೇಲೆ ಅದರ ಹಿನ್ನೆಲೆಯನ್ನು ನಾಲ್ಕು ಮಾತಿನಲ್ಲಿ ವಿವರಿಸುವ ಪದ್ಧತಿ ಇನ್ನೂ ದೊಡ್ಡ ಗುಣ. ಉತ್ತರ ತಿಳಿಯದವನೂ ಅಲ್ಲಿಂದ ಬರಿಗೈಯಲ್ಲಿ ಏಳುವುದಿಲ್ಲ. ಆದರೂ ಹೆಸರಿನಲ್ಲಿರುವ 'ಥಟ್' ಎಂಬ ಮಾತಿನ ಬಗ್ಗೆ ನನ್ನ ತಕರಾರು ಇದೆ. ಥಟ್ಟನೆ ಹೇಳುವುದು ಚುರುಕುತನದ ಲಕ್ಷಣ, ಆದರೆ ತಡೆದು ಯೋಚಿಸುವುದು ದಡ್ಡತನದ ಲಕ್ಷಣವಲ್ಲ. ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳು ಒಂದು ಉಸಿರು ಹೆಚ್ಚು ತೆಗೆದುಕೊಂಡರೆ ಅವರ ತಿಳಿವು ಕಡಿಮೆಯೆಂದು ಅರ್ಥವಲ್ಲ. ವಾರಕ್ಕೊಂದು ಸುತ್ತಾದರೂ 'ನಿಧಾನವಾಗಿ ಹೇಳಿ' ಎಂಬ ಸುತ್ತು ಇದ್ದರೆ ಎಷ್ಟು ಚೆನ್ನ!

'ಇದೆಲ್ಲ ಆಟ, ಇಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕೇ?' ಎಂದು ಕೇಳುವವರಿದ್ದಾರೆ. ಆಟಕ್ಕೂ ನಿಯಮವಿದೆ ಎಂಬುದೇ ಅವರಿಗೆ ಉತ್ತರ. ಕಬಡ್ಡಿಯಲ್ಲಿ ಗೆರೆ ಒಬ್ಬನಿಗೆ ಹತ್ತಿರ, ಒಬ್ಬನಿಗೆ ದೂರ ಎಳೆದರೆ ನಮ್ಮ ಹುಡುಗರು ಅರೆಗಳಿಗೆಯೂ ಸುಮ್ಮನಿರುವುದಿಲ್ಲ. ಪ್ರಶ್ನೆಯ ಗೆರೆ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಮಾತ್ರ ನಾವು ಸುಮ್ಮನಿದ್ದೇವೆ.

ಟಿವಿಯವರಿಗೆ ಬುದ್ಧಿ ಹೇಳುವುದು ಸುಲಭ. ನಮ್ಮ ಅಂಗಳದಲ್ಲಿ ಏನಾಗಿದೆ? ಧರ್ಮಕೇಂದ್ರದ ಹಬ್ಬ ಬಂತೆಂದರೆ ಬೈಬಲ್ ರಸಪ್ರಶ್ನೆ ಇದ್ದೇ ಇರುತ್ತದೆ. ಅಲ್ಲಿ ಕೇಳುವುದೇನು? ಮೆತೂಷೆಲಹನು ಎಷ್ಟು ವರ್ಷ ಬದುಕಿದನು, ನೋಹನ ನಾವೆ ಎಷ್ಟು ಮೊಳ ಉದ್ದವಿತ್ತು! ಇವು ಬಾಯಿಪಾಠದ ಪರೀಕ್ಷೆಗಳು. ಒಳ್ಳೆಯ ಸಮಾರಿಯದವನು ಗಾಯಗೊಂಡವನಿಗಾಗಿ ಏನೇನು ಖರ್ಚು ಮಾಡಿದನು ಎಂದು ಕೇಳಿ ನೋಡಿ. ಎಣ್ಣೆ, ದ್ರಾಕ್ಷಾರಸ, ತನ್ನ ಸವಾರಿಯ ಪ್ರಾಣಿ, ಎರಡು ದಿನಾರಿ, ಮರಳಿ ಬರುವಾಗ ಕೊಡುವೆನೆಂಬ ಮಾತು; ಕಥೆಯನ್ನು ಮನಸ್ಸಿಟ್ಟು ಕೇಳಿದ ಯಾವ ಅಜ್ಜಿಯೂ, ಓದು ಬಾರದವರೂ ಇದಕ್ಕೆ ಉತ್ತರಿಸಬಲ್ಲರು. ಎರಡೂ ಬಗೆಯ ಪ್ರಶ್ನೆಗಳಿಗೆ ಆಧಾರ ಒಂದೇ ಗ್ರಂಥ. ಮೊದಲನೆಯದು ಜ್ಞಾಪಕವಿರುವವರನ್ನು ಆರಿಸುತ್ತದೆ, ಎರಡನೆಯದು ಮನಸ್ಸಿಟ್ಟು ಕೇಳಿದವರನ್ನು ಆರಿಸುತ್ತದೆ.

ಆದ್ದರಿಂದ ಪ್ರಶ್ನೆ ಬರೆಯುವ ಶಿಕ್ಷಕರು, ಯುವಕರು, ಮನೆಯಲ್ಲಿ ಮಕ್ಕಳ ಜೊತೆ ಕುಳಿತು ನೋಡುವ ತಂದೆತಾಯಿಯರು ಪ್ರತಿ ಸುಳಿವನ್ನೂ ನಾಲ್ಕು ಮಾತಿನಿಂದ ತೂಗಬಹುದು. ಉತ್ತರ ಒಂದೇ ಆಗಿದೆಯೇ, ಎರಡಿದ್ದರೆ ಎರಡನ್ನೂ ಒಪ್ಪುವ ಮನಸ್ಸಿದೆಯೇ? ಗೊತ್ತಿಲ್ಲದವನು ವಿಚಾರ ಮಾಡಿ ತಲುಪಲು ದಾರಿಯಿದೆಯೇ? ಮಾತು ಎಲ್ಲ ಸೀಮೆಯವರಿಗೂ ತಿಳಿಯುವಂತಿದೆಯೇ? ಉತ್ತರ ಕೇಳಿದ ಮೇಲೆ ಸೋತವನು 'ಹೌದಲ್ಲ, ನನಗೆ ಹೊಳೆಯಬೇಕಿತ್ತು' ಎನ್ನುತ್ತಾನೆಯೇ, ಇಲ್ಲ 'ಇದು ನನಗೆ ಹೇಗೆ ಗೊತ್ತಾಗಬೇಕು' ಎನ್ನುತ್ತಾನೆಯೇ? ಈ ನಾಲ್ಕನೆಯದೇ ಎಲ್ಲಕ್ಕಿಂತ ಖಚಿತವಾದ ತಕ್ಕಡಿ. ನ್ಯಾಯವಾದ ಪ್ರಶ್ನೆ ಸೋತವನ ಮುಖದಲ್ಲಿಯೂ ನಗು ತರಿಸುತ್ತದೆ.

ಮುಂದಿನ ಸಲ ನಿಮ್ಮ ಮಗು ಟಿವಿಯ ಮುಂದೆ ಉತ್ತರ ತೋಚದೆ ತಲೆ ತಗ್ಗಿಸಿದಾಗ, 'ಇಷ್ಟೂ ಗೊತ್ತಿಲ್ಲವೇ?' ಎಂದು ಕೇಳಬೇಡಿ. 'ಈ ಪ್ರಶ್ನೆಯನ್ನು ನೀನಾದರೆ ಹೇಗೆ ಕೇಳುತ್ತಿದ್ದೆ?' ಎಂದು ಕೇಳಿ. ಮಗು ತುಸು ಯೋಚಿಸಿ, ತನ್ನ ಊರಿನ ಹೊಳೆಯನ್ನೋ, ಬೀದಿಯ ಚಪ್ಪಲಿಯನ್ನೋ, ಹೊಲದ ಸೇಂಗಾವನ್ನೋ ಹಿಡಿದು ಒಂದು ಸುಳಿವು ಕಟ್ಟುತ್ತದೆ. ಉತ್ತರ ಹೇಳಬಲ್ಲ ಮಕ್ಕಳು ನಾಡಿಗೆ ಬೇಕು. ನ್ಯಾಯವಾಗಿ ಪ್ರಶ್ನೆ ಕೇಳಬಲ್ಲವರು ಅದಕ್ಕಿಂತ ಹೆಚ್ಚು ಬೇಕು.